ಪಾಷಾನ ಎರಡನೇ ಲೋಟ
ಮದ್ದೂರಿನ ಸೈಕಲ್ ಷಾಪಿನಲ್ಲಿ ಕೂಲಿಗೆ ಪಂಚರ್ ಹಾಕುವ ಅಫ್ಸರ್ ಪಾಷಾನಿಗೆ ಸಾಮಾನು ಕಮ್ಮಿಯಾದಷ್ಟೂ ಬದುಕು ಹಗುರ ಎಂಬ ಜ್ಞಾನೋದಯವಾಗಿತ್ತು. "ಗಾಳಿ ತುಂಬೋನ ಮನೇಲಿ ಗಾಳಿ ಇದ್ರೆ ಸಾಕು ಕಣ್ಲಾ" ಎಂದು ತನ್ನನ್ನೇ ಗೇಲಿ ಮಾಡಿಕೊಂಡು ಮಂಚವನ್ನು ಪಕ್ಕದ ಮನೆಯ ಸಣ್ಣಯ್ಯನಿಗೆ ಕೊಟ್ಟ. ಈಗ ಸಣ್ಣಯ್ಯನ ಜಗಲಿಗೆ ಹೋಗಿ ಅದೇ ಮಂಚದ ಮೇಲೆ ಮಲಗುತ್ತಾನೆ. ಸೀಮೆಎಣ್ಣೆಗೆ ರೇಷನ್ನು ಬಂದಮೇಲೆ ಲಾಟೀನನ್ನು ಎದುರುಮನೆ ಮಹಬೂಬ್ ಬೀಗೆ ಕೊಟ್ಟು, ಅದರ ಬೆಳಕಿನಲ್ಲೇ ಅವಳ ಸಾರು ಉಣ್ಣುತ್ತಾನೆ. ಇರುವ ಒಂದೇ ಅಂಗಿ ಒಗೆದ ದಿನ ಯಾರಾದರೂ ಕರೆದರೆ, "ಅಂಗಿ ಬಿಸಿಲಿಗೆ ಓಗೈತೆ, ಅದು ಬಂದ್ಮೇಲೆ ನಾನು ಬತ್ತೀನಿ" ಎಂದು ಬಾಗಿಲ ಹಿಂದಿನಿಂದ ಕೂಗುತ್ತಾನೆ. ಒಂದು ದಿನ, "ಮಳವಳ್ಳಿಯಿಂದ ಎಣ್ಣು ಕೊಡೋರು ಬತ್ತಾವ್ರೆ, ಬರೀ ಗೋಡೆ ತೋರ್ಸೀಯೇನ್ಲಾ?" ಎಂದು ಸಣ್ಣಯ್ಯನೇ ಮಂಚ ಹೊತ್ತು ತಂದ, ಮಹಬೂಬ್ ಬೀ ಲಾಟೀನು ತಂದಳು. ಹುಡುಗಿಯ ತಂದೆ ಮಂಚದ ಮೇಲೆ ಕೂತು ಮೆಚ್ಚಿ ತಲೆದೂಗಿದರು. ಪಾಷಾ ತಡೆಯಲಾರದೆ, "ಇವ್ಯಾವೂ ನನ್ನವಲ್ಲ ಸಾಹೇಬ್ರೆ" ಎಂದುಬಿಟ್ಟ. ಸಣ್ಣಯ್ಯ ಹಣೆ ಚಚ್ಚಿಕೊಂಡ. "ಮತ್ತೆ ನಿಂದು ಏನೈತಪ್ಪ?" ಎಂದರು ಹುಡುಗಿಯ ತಂದೆ. ಪಾಷಾ ಗೋಡೆಯ ಗೂಡಿನಿಂದ ಫಳಫಳ ಹೊಳೆಯುವ ಎರಡು ಲೋಟ ತೆಗೆದಿಟ್ಟ. "ಒಂಟಿ ಆಳಿಗೆ ಎರಡ್ಯಾಕೆ?" ಪಾಷಾ ಕಿವಿವರೆಗೂ ಕೆಂಪಾಗಿ, "ಬರೋಳಿಗೆ ಬೇಕಲ್ಲ" ಎಂದ. ಹಿರಿಯರು ಒಂದು ಲೋಟದಲ್ಲಿ ಚಾ ಕುಡಿದು, ಇನ್ನೊಂದನ್ನು ತಾವೇ ಎದ್ದು ಜೋಪಾನವಾಗಿ ಗೂಡಿಗೆ ಇಟ್ಟುಬಂದರು.