ಕಾಕಾ ಬಳಿದ ಹಳದಿ

ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಕಾ ಬರೆದ ಒಂದು ಚಿತ್ರವಿದೆ. ನನ್ನ ತಂದೆಯ ತಮ್ಮನಾದ ಅವರು ಹರೆಯದಲ್ಲಿ ಹೈದರಾಬಾದಿಗೆ ಹೋಗಿ ಚಿತ್ರಕಲೆ ಕಲಿಯುತ್ತಿದ್ದಾಗ, ದಪ್ಪ ರಟ್ಟಿನ ಮೇಲೆ ನೀರಿನಲ್ಲಿ ಕಲಸುವ ಗ್ವಾಶ್ ಬಣ್ಣದಿಂದ ಮಾಡಿದ್ದು. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಅಗಲವಾದ ಕಪ್ಪು ಗೀರುಗಳು, ಅವುಗಳ ನಡುವೆ ನುಗ್ಗಿದ ಅರಿಸಿನ ಬಣ್ಣ, ಮೂಲೆಯಲ್ಲೊಂದು ಕೆಂಪು. ಆ ಕಾಲದಲ್ಲಿ ದೊಡ್ಡ ಊರುಗಳ ಕಲಾವಿದರು ಹೀಗೆಯೇ ಬಳಿಯುತ್ತಿದ್ದರಂತೆ. ಊರಿಗೆ ಮರಳಿದ ಕಾಕಾ ಚಿತ್ರವನ್ನು ಈ ಮನೆಯಲ್ಲೇ ಬಿಟ್ಟು, ಯಲಬುರ್ಗಾ ಕಡೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರರಾದರು. ನಿವೃತ್ತಿಯ ತನಕ ಮಾವಿನಹಣ್ಣು, ಹೂಜಿ, ರಾಷ್ಟ್ರಧ್ವಜ ಬರೆಸಿದರು. ಇಂಥದ್ದನ್ನು ಮತ್ತೆ ಬರೆಯಲಿಲ್ಲ.

ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ಒಂದಿಷ್ಟು ತಲೆ ಕೆರೆದುಕೊಳ್ಳುತ್ತಿದ್ದರು. ಸಿದ್ದಾಪುರದ ಬೀಗರು ನೀರು ನಿಂತ ಭತ್ತದ ಗದ್ದೆ ಎಂದರು. ಹಾಲಿನವಳು "ಇದು ಯಾವ ದೇವ್ರರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಕೈಮುಗಿದಳು. ನಾನಂತೂ ಕಾಕಾನ ಎದುರಿಗೇ, "ಇಂಥಾದ್ದು ನಾನೂ ಬಳೀತೀನಿ ಬಿಡ್ರಿ ಕಾಕಾ, ಅರ್ಧಾ ತಾಸು ಸಾಕು" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಜೀವನವಿಡೀ ಕಾರಕೂನನಾಗಿ, ಸಹಿಯ ಹೊರತು ಬೇರೇನನ್ನೂ ಸ್ವಂತಕ್ಕೆ ಗೀಚದ ನನಗೆ ಈ ಧೈರ್ಯ ಎಲ್ಲಿಂದ ಬಂದಿತ್ತೋ ಕಾಣೆ.

ಹೋದ ವರ್ಷ ದಸರೆಯ ಮುಂಚೆ ಕಾಕಾನ ಮಗಳು ಕುಕನೂರಿನಿಂದ ಫೋನ್ ಮಾಡಿದಳು. ಎಂಬತ್ತೈದು ದಾಟಿದ ಅವರಿಗೆ ಕಣ್ಣಿನ ಪೊರೆ ತೆಗೆಸಿದ್ದರು.

"ಅಪ್ಪಗ ಈಗ ಛಲೋ ಕಾಣಸ್ತೈತಣ್ಣ. ಆ ಚಿತ್ರ ಒಂದ್ಸಲ ನೋಡಬೇಕಂತ ಹಟ ಹಿಡದಾರ. ಐತವಾರ ಕರಕೊಂಡ ಬರ್ತೀನಿ."

ನಮ್ಮ ಕಡೆ ದಸರೆ ಬಂತೆಂದರೆ ಮನೆಯಲ್ಲಿರುವುದೆಲ್ಲ ನೀರು ಕಾಣಲೇಬೇಕು. ಕೌದಿಗಳು ಕಾಲುವೆಗೆ ಹೋಗುತ್ತವೆ, ಡಬ್ಬಿಗಳು ಅಂಗಳಕ್ಕೆ ಬರುತ್ತವೆ. ಆ ಸಲ ಹೆಂಡತಿ ಮೊದಲ ಬಾರಿಗೆ ನನಗೆ ಗೋಡೆಗಳನ್ನು ವಹಿಸಿದ್ದಳು. ಗಾಜು ಹಾಕಿದ ದೇವರ ಪಟಗಳನ್ನೆಲ್ಲ ಒದ್ದೆ ಅರಿವೆಯಿಂದ ಫಳಫಳ ಮಾಡಿ, ಕಾಕಾ ಬರುತ್ತಾರಲ್ಲ ಎಂದು ಈ ಚಿತ್ರಕ್ಕೆ ವಿಶೇಷ ಮುತುವರ್ಜಿ ತೋರಿಸಿದೆ. ಅದಕ್ಕೆ ಗಾಜಿಲ್ಲ ಎಂಬುದು ತಲೆಗೆ ಹೋಗಲೇ ಇಲ್ಲ. ಎರಡು ಸಲ ಒರೆಸುವಷ್ಟರಲ್ಲಿ ಅರವತ್ತು ವರ್ಷದ ಅರಿಸಿನ ಅರಿವೆಗೆ ಬಂತು. ಮೂಲೆಯ ಕೆಂಪು ಕಪ್ಪಿನೊಳಗೆ ಇಳಿದು ಕೆಸರಾಯಿತು. ಹೆಂಡತಿ ಬಂದು ನೋಡಿ, "ಹಬ್ಬಕ್ಕ ಭಾಳ ಛಲೋ ತೊಳದೀರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಐತವಾರಕ್ಕೆ ಮೂರು ದಿನ ಉಳಿದಿತ್ತು. ಪುಸ್ತಕದಂಗಡಿಯಿಂದ ಬಣ್ಣದ ಬಾಟಲಿಗಳನ್ನು ತಂದು, ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ತಾಲೀಮು ಶುರುಮಾಡಿದೆ. ಹೇಗೂ ಅರ್ಧ ತಾಸಿನ ಕೆಲಸ. ಮೊದಲ ದಿನದ ಹಳದಿ ಗೋಡೆಗೆ ಹೊಡೆಸಿದ ಡಿಸ್ಟೆಂಪರಿನಂತಿತ್ತು. ಎರಡನೆಯ ದಿನ ಗೀರು ಎಳೆದರೆ ಕೈ ತಾನಾಗಿಯೇ ರಿಜಿಸ್ಟರಿನ ಗೆರೆಯಂತೆ ನೆಟ್ಟಗೆ ಹೋಯಿತು. ಮೂರನೆಯ ದಿನ, ನನ್ನ ಮಗಳ ನಿಶ್ಚಯದ ಫೋಟೊದಲ್ಲಿ ಹಿಂದೆ ಕಾಣುವ ಚಿತ್ರವನ್ನು ನೋಡಿ ನೋಡಿ, ಉಸಿರು ಬಿಗಿಹಿಡಿದು, ಸಣ್ಣ ಕುಂಚದಿಂದ ಒರೆಸಿಹೋದ ಜಾಗವನ್ನೆಲ್ಲ ತುಂಬಿದೆ. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಾಕಾ ದೂರದಿಂದ ನೋಡಲಿಲ್ಲ. ಮೂಗು ರಟ್ಟಿಗೆ ತಾಗುವಷ್ಟು ಹತ್ತಿರ ಹೋಗಿ, ಬಹಳ ಹೊತ್ತು ನಿಂತರು.

"ಈ ಹಳದಿ ಯಾರು ಹಚ್ಯಾರ?"

ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಎರಡು ಬೈಗುಳ ಬಿದ್ದರೆ ಹಗುರಾಗುತ್ತೇನೆ ಎಂದು ಕಾದೆ. ಅವರು ಬೈಯಲಿಲ್ಲ.

"ಭಾಳ ಅಂಜಿಕೊಂತ ಹಚ್ಚೀಯಪಾ," ಎಂದರು. "ಎಲ್ಲಿ ತಪ್ಪತೈತೋ ಅಂತ. ಮಾಸ್ತರಕಿ ಮಾಡುವಾಗ ನಾನೂ ಹಿಂಗ ಬರೀತಿದ್ದೆ. ಸಾಹೇಬ್ರು ಏನಂತಾರೋ, ಮಂದಿ ಏನಂತಾರೋ ಅಂತ."

ಕಾಕಾ ಒರೆಸದೆ ಉಳಿದ ಕಪ್ಪು ಗೀರೊಂದರ ಕಡೆ ಬೆರಳು ಮಾಡಿದರು.

"ಜನ್ಮದಾಗ ನಾ ಅಂಜದ ಮಾಡಿದ್ದು ಇದೊಂದ ಇತ್ತು. ಕಣ್ಣು ಬಂದ ಕೂಡ್ಲೆ ಅದನ್ನ ನೋಡಬೇಕಂತ ಬಂದಿದ್ನಿ."

ಇಷ್ಟು ವರ್ಷ ಅವರ ಮುಂದೆ ಆಡಿದ ಚೇಷ್ಟೆಯ ಮಾತುಗಳೆಲ್ಲ ನೆನಪಾಗಿ, ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ನಾನೇ ಚಹಾ ತಂದೆ. ಅಷ್ಟರಲ್ಲಿ ಕಾಕಾ ಕುರ್ಚಿಯನ್ನು ತಿರುಗಿಸಿಕೊಂಡು, ಚಿತ್ರಕ್ಕೆ ಬೆನ್ನು ಮಾಡಿ ಕುಳಿತಿದ್ದರು.