ಕಿವಿ ಮೇಸ್ತ್ರಿಯ ಸ್ಕ್ಯಾನರ್

ನನ್ನ ಗಂಡನನ್ನು ಊರೆಲ್ಲ ಕಿವಿ ಮೇಸ್ತ್ರಿ ಎಂದೇ ಕರೆಯುತ್ತದೆ. ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಎಂಜಿನ್ನಿಗೆ ಕಿವಿಗೊಟ್ಟರೆ ಸಾಕು, ರೋಗ ಯಾವುದೆಂದು ಹೇಳಿಬಿಡುತ್ತಿದ್ದರು. ಮೊದಲ ಸಲ ನಮ್ಮ ಮನೆಗೆ ಬಂದ ದಿನ, ನನ್ನ ಮುಖ ನೋಡುವ ಮೊದಲೇ ನಮ್ಮಪ್ಪನ ಗಾಡಿಯ ಬಾನೆಟ್ ಎತ್ತಿದ ಆಸಾಮಿ ಇವರು. ನಾನು ಕರೆದರೆ ಮಾತ್ರ ಆ ಕಿವಿಗೆ ಕೇಳಿಸದು, ಆ ಮಾತು ಬೇರೆ.

ಕಳೆದ ವರ್ಷ ಬಂತು ನೋಡಿ, ವೈರ್‌ಲೆಸ್ ಸ್ಕ್ಯಾನರ್. ಬೆಂಕಿಪೊಟ್ಟಣದಷ್ಟು ಡಬ್ಬಿ. ಸ್ಟೇರಿಂಗ್ ಕೆಳಗೆ ಸಿಕ್ಕಿಸಿದರೆ ಕಾರಿನ ಒಳಗುಟ್ಟೆಲ್ಲ ಫೋನಿನಲ್ಲಿ ಕಾಣುತ್ತದೆ. ಮನುಷ್ಯ ಅದಕ್ಕೆ ಮರುಳಾಗಿಹೋದರು. ಅಂಥದ್ದೇ ಇನ್ನೊಂದನ್ನೂ ತಂದರು. ಬಾನೆಟ್ ಎತ್ತುವುದೇ ಅಪರೂಪವಾಯಿತು.

ಆ ಬೆಳಿಗ್ಗೆ ಮಗಳು ಗ್ಯಾರೇಜಿಗೆ ಬಂದಳು, ಕೂಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು. ಗುಡ್ಡ ಹತ್ತಿ, ಉದ್ದದ ಸುರಂಗ ದಾಟಿ ಅವಳು ತನ್ನ ಮನೆಗೆ ಹೋಗಬೇಕಿತ್ತು.

"ಏರು ಬಂದ್ರೆ ಎಂಜಿನ್ ಬಿಸಿ ತೋರಿಸೋ ಮುಳ್ಳು ಮೇಲೇಳುತ್ತೆ. ಒಂಚೂರು ನೋಡಪ್ಪ."

ಪಕ್ಕದಲ್ಲಿ ಒಂದು ಬಾಡಿಗೆ ಕಾರು ಗುರುಗುಡುತ್ತಾ ನಿಂತಿತ್ತು. ಅದನ್ನು ಆಗಷ್ಟೇ ಪರೀಕ್ಷಿಸಿದ್ದರು. ಅದರ ಡಬ್ಬಿಯನ್ನು ಕೀಳದೆ, ಇನ್ನೊಂದನ್ನು ಮಗಳ ಕಾರಿಗೆ ಸಿಕ್ಕಿಸಿ ಫೋನ್ ನೋಡಿದರು.

"ತೊಂಬತ್ತು ಡಿಗ್ರಿ. ಗುಂಡುಕಲ್ಲಿನ ಥರ ಇದೆ. ಆ ಮುಳ್ಳೇ ಕೆಟ್ಟಿದೆ, ತಲೆ ಕೆಡಿಸ್ಕೋಬೇಡ, ಹೊರಡು."

ಡಬ್ಬಿ ಕಿತ್ತು ಜೇಬಿಗೆ ಹಾಕಿಕೊಂಡರು. ಮಗಳು ಹೊರಟಳು. ಬೆಂಚಿನ ಮೇಲೆ ಬಿಟ್ಟಿದ್ದ ಫೋನು ಸ್ವಲ್ಪ ಹೊತ್ತಿನ ಮೇಲೆ ನನ್ನ ಕಣ್ಣಿಗೆ ಬಿತ್ತು.

"ರೀ, ಅವಳು ಹೋಗಿ ಆಯ್ತಲ್ಲ. ಇದರಲ್ಲಿ ಎಂಜಿನ್ ಇನ್ನೂ ಓಡ್ತಾನೇ ಇದೆ?"

ಅವರು ಓಡಿಬಂದು ಫೋನ್ ನೋಡಿದರು. ಬಾಡಿಗೆ ಕಾರಿನ ಎಂಜಿನ್ ಆರಿಸಿದರು. ಫೋನಿನಲ್ಲಿ ಎಂಜಿನ್ ವೇಗದ ಅಂಕಿ ಸೊನ್ನೆಗೆ ಇಳಿಯಿತು. ಫೋನು ಮೊದಲಿನ ಡಬ್ಬಿಯನ್ನು ಬಿಟ್ಟೇ ಇರಲಿಲ್ಲ. ಇವರು ನೋಡಿದ್ದು ಪಕ್ಕದ ಕಾರಿನ ಬಿಸಿ.

ಮಗಳಿಗೆ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಸ್ಟೇರಿಂಗ್ ಹಿಡಿದಾಗ ಫೋನ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೆದರಿಸಿ ಬೆಳೆಸಿದವರು ಇವರೇ.

ಆ ಬಾಡಿಗೆ ಕಾರಿನಲ್ಲೇ ಬೆನ್ನು ಹತ್ತಿದೆವು. ನನಗೆ ಜೀವ ಬಾಯಿಗೆ ಬಂದಿತ್ತು.

"ಸುರಂಗದೊಳಗೆ ನಿಂತುಬಿಟ್ರೆ, ಹಿಂದಿನಿಂದ ಲಾರಿ..."

"ಬಾಯಿ ಮುಚ್ಚು."

ಇಷ್ಟು ವರ್ಷದಲ್ಲಿ ನನಗೆ ಹಾಗೆಂದವರಲ್ಲ. ಬೇರೆ ದಿನವಾಗಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. ಅಂದು ಮುಚ್ಚಿಕೊಂಡು ಕುಳಿತೆ.

ಸುರಂಗ ಇನ್ನೇನು ಕೂಗಳತೆ ದೂರವಿದೆ ಎನ್ನುವಾಗ ಕಾರು ಕಂಡಿತು. ರಸ್ತೆಯಂಚಿಗೆ ಓರೆಯಾಗಿ ನಿಂತಿತ್ತು, ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಮಗಳು ಕೂಸನ್ನು ಎದೆಗೆ ಅವಚಿಕೊಂಡು ತಡೆಗೋಡೆಯ ಆಚೆ ನಿಂತಿದ್ದಳು. ಇವರು ಓಡಿಹೋಗಿ ಕೂಸಿನ ತಲೆ, ಕೈಕಾಲು ಎಲ್ಲ ಮುಟ್ಟಿ ನೋಡಿದರು.

"ಎಂಜಿನ್ ತಾನಾಗೇ ನಿಂತೋಯ್ತು," ಎಂದಳು ಮಗಳು. "ಮುಳ್ಳು ಆವಾಗ್ಲೇ ಕೆಂಪಿಗೆ ಹೋಗಿತ್ತಪ್ಪ. ಮುಳ್ಳೇ ಕೆಟ್ಟಿದೆ ಅಂತ ನೀನು ಹೇಳಿದ್ಯಲ್ಲ, ಅದಕ್ಕೇ ಓಡಿಸ್ತಾನೇ ಇದ್ದೆ."

ಅವರು ಅಲ್ಲೇ ರಸ್ತೆಬದಿಯ ಮಣ್ಣಿನ ಮೇಲೆ ಕುಕ್ಕರಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.