ಹಿಂದಿನ ಸೀಟಿನ ಹುಳಿ

ಚಾಮರಾಜಪೇಟೆಯ ಚಂದ್ರಶೇಖರಯ್ಯನವರ ಮನೆಯಲ್ಲಿ ಚಿದಂಬರ ಇಪ್ಪತ್ತೆರಡು ವರ್ಷದಿಂದ ಡ್ರೈವರ್. ಮನೆಗೆ ಕಾರು ಕೊಳ್ಳುವಾಗೆಲ್ಲ ಅವನನ್ನು ಕೇಳುತ್ತಾರೆ, ಒಂದು ಸಲವೂ ಅವನ ಮಾತು ನಡೆದಿಲ್ಲ. ಅವನ ಪರೀಕ್ಷೆ ಒಂದೇ: ಹಿಂದಿನ ಸೀಟಿನಲ್ಲಿ ಹುಳಿ ಡಬ್ಬಿ ಇಟ್ಟು, ಮಲ್ಲೇಶ್ವರದಲ್ಲಿರುವ ಯಜಮಾನರ ಮಗಳ ಮನೆ ತನಕ ಓಡಿಸುವುದು. ಚೆಲ್ಲಿದರೆ ಕಾರು ಫೇಲು.

ಇವತ್ತು ಶೋರೂಮಿನವರು ಓಡಿಸಿ ನೋಡಲು ಕೊಟ್ಟ ಕೆಂಪು ಸ್ಪೋರ್ಟಿ ಸೆಡಾನ್ ರಸ್ತೆಯ ಒಂದೊಂದು ಹಂಪ್‌ಗೂ ಹೊಟ್ಟೆ ಉಜ್ಜಿಕೊಂಡಿತು. ಶ್ರೀರಾಂಪುರ ದಾಟುವಷ್ಟರಲ್ಲಿ ಹುಳಿಯೆಲ್ಲ ಹಿಂದೆ ಕೂತಿದ್ದ ಯಜಮಾನರ ಹೆಂಡತಿ ದಾಕ್ಷಾಯಣಮ್ಮನವರ ಸೀರೆ ಮೇಲಿತ್ತು. ಆ ತಗ್ಗು ಸೀಟಿನಿಂದ ಅವರನ್ನು ಎಬ್ಬಿಸುವುದಕ್ಕೆ ಇಬ್ಬರು ಬೇಕಾದರು.

“ದಿನಾ ಓಡಿಸೋಕೆ ಇದು ಆಗಲ್ಲ ಸಾರ್,” ಎಂದ ಚಿದಂಬರ.

ಯಜಮಾನರು ಬಾನೆಟ್ ಸವರುತ್ತ ಹೇಳಿದರು: “ಅದಕ್ಕೆ ಹಳೇದಿದೆಯಲ್ಲೋ. ಇದನ್ನ ದಿನಾ ಒರೆಸಿಟ್ರೆ ಸಾಕು.”